ಬೀಳಿಸಿ ನೋಡು ಅಂದವರು

ನಮ್ಮ ಗೈಡ್ ಮೇಡಂ ಸೀರೆಗೆ ಒಂದೂ ಪಿನ್ನು ಚುಚ್ಚುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ಬಿಳಿ ಕೋಟು ತೊಟ್ಟು, ಜಡೆಯನ್ನು ಅದರೊಳಗೆ ತುರುಕಿ ಲ್ಯಾಬಿಗೆ ಬರುತ್ತಿದ್ದರು. ಬಾಗಿಲಲ್ಲೇ ನಮ್ಮ ಹೇರ್‌ಪಿನ್ನುಗಳನ್ನೂ ಬಿಚ್ಚಿಸುತ್ತಿದ್ದರು. "ಆಯಸ್ಕಾಂತಕ್ಕೆ ನಿನ್ನ ಶೃಂಗಾರ ಕಂಡ್ರೆ ಆಗಲ್ಲ ಮಾರಾಯ್ತಿ" ಅನ್ನುವರು. ಹೊಸನಗರದಿಂದ ದಿನಾ ಬಸ್ಸಿನಲ್ಲಿ ಸಾಗರದ ನಮ್ಮ ಕಾಲೇಜಿಗೆ ಬಂದುಹೋಗುವ ಅವರಿಗೆ ಅದೆಲ್ಲಿಂದ ಅಷ್ಟು ಹುರುಪು ಬರುತ್ತಿತ್ತೋ, ನಾ ಕಾಣೆ.

ಕುಲುಮೆಯಂಥ ಬಿಸಿಯಲ್ಲಿ ಅತಿ ವೇಗವಾಗಿ ತಿರುಗುವ ಯಂತ್ರಕ್ಕೆ ಎಣ್ಣೆ ಹಾಕಿದ ಬೇರಿಂಗ್ ತಾಳುವುದಿಲ್ಲ, ಎಣ್ಣೆಯೇ ಸುಟ್ಟುಹೋಗುತ್ತದೆ. ಅದಕ್ಕೇ ಶಾಫ್ಟನ್ನು, ಅಂದರೆ ಯಂತ್ರದ ನಡುವಿನ ತಿರುಗುವ ಉಕ್ಕಿನ ದಂಡವನ್ನು, ಆಯಸ್ಕಾಂತದ ಬಲದಿಂದ, ಎಲ್ಲೂ ತಾಗದಂತೆ ತೇಲಿಸಿ ತಿರುಗಿಸುವುದು ನನ್ನ ಪಿಎಚ್‌.ಡಿ. ಕೆಲಸ. ಕರೆಂಟು ಹೋದರೆ ಬೀಳುವ ಶಾಫ್ಟನ್ನು ಹಿಡಿಯಲು ಸುತ್ತ ಒಂದು ಕಾವಲು ಬೇರಿಂಗ್ ಇರುತ್ತದೆ. ಕಾದ ಶಾಫ್ಟು ಮೊದಲ ಸಲ ಸರಿಯಾಗಿ ತೇಲಿ ತಿರುಗಿದ ದಿನ ನಾನು ಕುಣಿಯುತ್ತಿದ್ದೆ. ಮೇಡಂ ಅಂದರು, "ಈಗ ಕರೆಂಟು ತೆಗಿ."

"ಮೇಡಂ, ಇರೋದೊಂದೇ ಶಾಫ್ಟು! ಹಾಳಾದ್ರೆ ನನ್ನ ಥೀಸಿಸ್ ಕತೆ ಮುಗೀತು."

"ನಮ್ಮೂರಲ್ಲಿ ಕರೆಂಟು ನಿನ್ನ ಕೇಳ್ಕಂಡು ಹೋಗ್ತದಾ? ತೆಗಿಯೇ."

ತೆಗೆದೆ. ಶಾಫ್ಟು ಕಿರ್ರೆಂದು ಅರಚಿ, ಕಚ್ಚಿಕೊಂಡು ನಿಂತಿತು. ಬಾಗಿಹೋಗಿತ್ತು. ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಅವರ ಮೇಲೆ ಸಿಟ್ಟೂ ಬಂದಿತ್ತು, ಸುಳ್ಳೇಕೆ ಹೇಳಲಿ. ಅವರು ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದರು. "ಬಿಸಿಗೆ ಶಾಫ್ಟು ಹಿಗ್ಗಿದೆ, ಕಾವಲು ಬೇರಿಂಗಲ್ಲಿ ಸಂದೇ ಇಲ್ದಂಗಾಗಿದೆ. ಈಗ ಗೊತ್ತಾಯ್ತಲ್ಲ? ಮೊದ್ಲು ಉಣ್ಣು."

ಪರಿಶೀಲನಾ ಸಭೆಯಲ್ಲಿ ಹಿರಿಯರೊಬ್ಬರು ಶಾಫ್ಟು ಹಾಳಾದದ್ದಕ್ಕೆ ನನ್ನ ಮೇಲೆ ರೇಗಿದಾಗ, ನಾನು ಬಾಯಿ ತೆರೆಯುವ ಮೊದಲೇ ಮೇಡಂ ಎದ್ದರು. "ಬೀಳ್ಸು ಅಂದವ್ಳು ನಾನು. ಹುಡುಗಿ ಬೇಡ ಅಂತಲೇ ಅಂದಿದ್ಲು. ಬಯ್ಯೋದಾದ್ರೆ ನಂಗೆ ಬಯ್ಯಿ." ಅಲ್ಲೇ ಹಟ ಹಿಡಿದು ಇನ್ನೊಂದು ಶಾಫ್ಟಿಗೆ ಒಪ್ಪಿಗೆಯನ್ನೂ ಪಡೆದರು. ನನಗಾಗಿ ಹಾಗೆ ಎದ್ದು ನಿಂತವರು ಬೇರೆ ಯಾರೂ ಇಲ್ಲ.

ಸಂದು ಹಿಗ್ಗಿಸಿ ಹೊಸ ಶಾಫ್ಟು ಕೂರಿಸುವ ಹೊತ್ತಿಗೆ ಮೇಡಂ ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿದ್ದರು, ವಾಸಿಯಾಗುವ ಕಾಯಿಲೆಯಾಗಿರಲಿಲ್ಲ. ಅವರಿಗೆ ಫೋನು ಹಚ್ಚಿ ಯಂತ್ರದ ಪಕ್ಕದಲ್ಲಿಟ್ಟೆ. ಕಾದ ಶಾಫ್ಟು ಪೂರ್ತಿ ವೇಗದಲ್ಲಿತ್ತು. ಕಣ್ಣು ಮುಚ್ಚಿಕೊಂಡು ಕರೆಂಟು ತೆಗೆದೆ. ಬಿತ್ತು, ಗಡಗಡಿಸಿತು, ಉರುಳುತ್ತ ಉರುಳುತ್ತ ಮೆಲ್ಲಗೆ ನಿಂತಿತು. ಎಲ್ಲೂ ಕಚ್ಚಲಿಲ್ಲ.

"ಕೇಳ್ತಾ ಮೇಡಂ?"

ಆ ಕಡೆಯಿಂದ ಸಣ್ಣ ದನಿ: "ಕೇಳ್ತು. ಇನ್ನೊಂದ್ಸಲ ಬೀಳ್ಸೇ."

ಆ ವಾರವೇ ತೀರಿಕೊಂಡ ಅವರು ನನಗೆ ಹೇಳಿದ ಕೊನೆಯ ಮಾತದು. ಥೀಸಿಸ್‌ಗೆ ಒಂದು ಸಲ ಸಾಕಿತ್ತು. ಆದರೂ ಅವತ್ತೇ ಮತ್ತೆ ಕಾಯಿಸಿದೆ, ಪೂರ್ತಿ ವೇಗಕ್ಕೆ ತಂದೆ. ಈ ಸಲ ಕಣ್ಣು ತೆರೆದೇ ಕರೆಂಟು ತೆಗೆದೆ.