ಅಸ್ಮತ್ ಸುತ್ತಿದ ಸೆಲ್ಫ್ ಮೋಟರ್

ಅಸ್ಮತ್ ಮಟಮಾರಿಯ ಪಿಂಜಾರರ ಮನೆಯ ಮಗಳು. ಅವಳ ಅಪ್ಪ ಪೀರಾ ಸಾಬ್ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ತುಂಬಿ ಕೊಡುತ್ತಿದ್ದ. ಗಾದಿಯ ಅಂಚಿಗೆ ಪಟ್ಟಿ ಸುತ್ತಿ ಹೊಲಿಯುವ ಕೆಲಸ ಮಗಳದು. ಅವಳು ಸುತ್ತಿದ ಪಟ್ಟಿ ವರ್ಷಗಟ್ಟಲೆ ತುಳಿದರೂ ಸಡಿಲವಾಗುತ್ತಿರಲಿಲ್ಲ ಎಂದು ಅಪ್ಪ ಎಲ್ಲರ ಮುಂದೆ ಹೇಳುತ್ತಿದ್ದ. ಬಯಲಲ್ಲಿ, ಬೇವಿನ ಮರದ ಕೆಳಗೆ, ಹೋಗಿ ಬರುವವರ ಜೊತೆ ಮಾತಾಡುತ್ತ ಮಾಡುತ್ತಿದ್ದ ಕೆಲಸ ಅದು.

ಮದುವೆಯಾಗಿ ರಾಯಚೂರಿಗೆ ಬಂದ ಮೇಲೆ ಬಯಲು ಹೋಯಿತು. ಗಂಡ ನಬೀಸಾಬ್‌ಗೆ ಗಂಜ್ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಮತ್ತು ಬ್ಯಾಟರಿ ಅಂಗಡಿ ಇತ್ತು. ಮನೆ ಕೋಟೆಯೊಳಗಿನ ಇಕ್ಕಟ್ಟಾದ ಓಣಿಯಲ್ಲಿ. ಮುಂದಿನ ಕೋಣೆಯ ಬಾಗಿಲಿಗೆ ಗೋಣಿಯ ಪರದೆ. ಆ ಪರದೆಯ ಪಕ್ಕದಲ್ಲಿ ಅತ್ತೆ ದಾವಲ್ ಬೀಯ ಮಂಚ. ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ, ಗೋಡೆಯ ಮೇಲ್ತುದಿಯಲ್ಲಿ ಹೊಗೆ ಹೋಗಲು ಬಿಟ್ಟ ಒಂದು ಗವಾಕ್ಷಿಯಷ್ಟೇ. ಅತ್ತೆ ಕೆಟ್ಟವಳಲ್ಲ. ಆದರೆ ಮಂಡಿ ನೋವಿನಿಂದ ಮಂಚ ಬಿಟ್ಟು ಏಳದ ಅವಳ ಕಣ್ಣು ತಪ್ಪಿಸಿ ಯಾರೂ ಹೊಸಿಲು ದಾಟುವಂತಿರಲಿಲ್ಲ. ಆ ಮನೆಯ ಮಾತು ದಖನಿ. ಅಸ್ಮತ್ ಅದನ್ನು ಕಲಿತಳು. ಗಂಡ ಹೆಂಡತಿ ಇಬ್ಬರೇ ಇದ್ದಾಗ ಮಾತ್ರ ಅವಳ ತವರಿನ ಕನ್ನಡ ನಡೆಯುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಒಂದು ಲಾರಿಯ ಫ್ಯಾನ್ ಬೆಲ್ಟಿಗೆ ಸಿಕ್ಕಿ ನಬೀಸಾಬ್‌ನ ಬಲಗೈಯ ಎರಡು ಬೆರಳ ತುದಿಗಳು ಹೋದವು. ಗಾಯ ಮಾಗಿತು, ಹಿಡಿತ ಮಾತ್ರ ಮರಳಲಿಲ್ಲ. ಎಂಜಿನ್‌ಗೆ ಮೊದಲ ತಿರುವು ಕೊಡುವ ಮೋಟರಿಗೆ ಅಂಗಡಿಯವರೆಲ್ಲ ಸೆಲ್ಫ್ ಎನ್ನುತ್ತಾರೆ. ಅದರೊಳಗಿನ ತಾಮ್ರದ ಕಾಯಿಲ್ ಸುಟ್ಟರೆ ಬಿಚ್ಚಿ, ಹೊಸದಾಗಿ ಸುತ್ತಿ, ಮೇಲೆ ಹತ್ತಿಯ ಪಟ್ಟಿ ಬಿಗಿದು, ವಾರ್ನಿಷ್ ಕುಡಿಸಿ ಒಣಗಿಸಬೇಕು. ಅದು ಬೆರಳಿನ ಕೆಲಸ. ಒಂದು ಸಂಜೆ ಅವನು ಅರ್ಧ ಸುತ್ತಿದ ಕಾಯಿಲ್ ಮನೆಗೆ ತಂದು, ಸಿಟ್ಟಿನಿಂದ ನೆಲಕ್ಕಿಟ್ಟ. ಅಸ್ಮತ್ ಎತ್ತಿಕೊಂಡು ನೋಡಿದಳು. ಪಟ್ಟಿ ಬಿಚ್ಚಿ, ಗಾದಿಯ ಅಂಚಿಗೆ ಸುತ್ತಿದಂತೆ, ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧ ಕೂರುವ ಹಾಗೆ ಮತ್ತೆ ಸುತ್ತಿದಳು.

ನಬೀಸಾಬ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಯಾರಿಗೂ ಹೇಳಬ್ಯಾಡ" ಎಂದ. ಅಷ್ಟೇ.

ಆಮೇಲೆ ಅಂಗಡಿಗೆ ಬಂದ ಸುಟ್ಟ ಮೋಟರುಗಳೆಲ್ಲ ಸೆರಗಿನ ಮರೆಯಲ್ಲಿ ಬಂದಂತೆ ಗೋಣಿಚೀಲದಲ್ಲಿ ಮನೆಗೆ ಬಂದವು. ಅವನು ಒಂದೊಂದಾಗಿ ಹೇಳಿಕೊಟ್ಟ, ಅವಳು ಕಲಿತಳು. ಹೆಂಗಸು ಸುತ್ತಿದ್ದು ಎಂದು ಗೊತ್ತಾದರೆ ಗಿರಾಕಿ ಬರುವುದಿಲ್ಲ ಎಂಬುದು ಅವನ ಹೆದರಿಕೆ. ಅವಳು ಸುತ್ತಿದ ಮೋಟರುಗಳು ಸಿಂಧನೂರು, ಲಿಂಗಸುಗೂರು, ಕರ್ನೂಲಿನವರೆಗೂ ಓಡಾಡುತ್ತಿದ್ದವು. ಅವಳು ಮಾತ್ರ ಆ ಗಾಡಿಗಳಲ್ಲಿ ಒಂದನ್ನೂ ಕಣ್ಣಿಂದ ನೋಡಿರಲಿಲ್ಲ. ಗವಾಕ್ಷಿಯಿಂದ ಬರುವ ಸದ್ದು ಕೇಳಿ, ಇದು ನನ್ನದಿರಬಹುದು ಎಂದುಕೊಳ್ಳುತ್ತಿದ್ದಳು.

ಹೀಗಿರುವಾಗ ದೇವದುರ್ಗದ ಹುಸೇನಪ್ಪ ಒಂದು ಜೀಪು ತಂದ. ಕಾಲುವೆ ಕೆಲಸಕ್ಕೆ ಉಸುಕು, ಕಲ್ಲು ಪೂರೈಸುವ ಗುತ್ತಿಗೆದಾರ ಅವನು. ಕೆರೆ, ಹಳ್ಳ, ಕರಿಮಣ್ಣಿನ ದಾರಿ ಎಲ್ಲಕ್ಕೂ ಆಗಲೆಂದು ಸಿಕಂದರಾಬಾದಿನ ಮಿಲಿಟರಿ ಹರಾಜಿನಲ್ಲಿ ಹಿಡಿದ ಗಾಡಿ. ಅದು ಇಪ್ಪತ್ನಾಲ್ಕು ವೋಲ್ಟಿನದು. ಬಾನೆಟ್ಟಿನೊಳಗೆ ಎಡಕ್ಕೊಂದು ಬಲಕ್ಕೊಂದು ಬ್ಯಾಟರಿ.

"ಎರಡು ಬ್ಯಾಟರಿ ಸಾಕೋದು ಎರಡು ಎತ್ತು ಸಾಕಿದ್ಹಂಗ ಆಗ್ಯಾದ ನಬೀಸಾಬ್. ಒಂದು ಮಲಗಿದ್ರ ಇನ್ನೊಂದೂ ಮಲಗ್ತದ. ಬಲ್ಬು ಹೋದ್ರ ರಾಯಚೂರಾಗ ಸಿಗಂಗಿಲ್ಲ. ಎಲ್ಲಾ ಕಿತ್ತು ಹನ್ನೆರಡಕ್ಕ ಇಳಿಸಿಬಿಡು" ಎಂದ ಹುಸೇನಪ್ಪ.

ನಬೀಸಾಬ್ ಹೈದರಾಬಾದಿನ ಗುಜರಿಯಿಂದ ಹೊಂದುವ ಆರ್ಮೇಚರ್, ಅಂದರೆ ಮೋಟರಿನೊಳಗೆ ತಿರುಗುವ ಭಾಗ, ತಂದ. ಡೈನಮೋ ಬದಲಿಸಿದ. ಆದರೆ ಸೆಲ್ಫಿನ ಕಾಯಿಲ್ ಹೊಸದಾಗಿಯೇ ಆಗಬೇಕಿತ್ತು. ಮನೆಯಲ್ಲಿ ಅದನ್ನು ಹೆಂಡತಿಯ ಮುಂದಿಟ್ಟು ಹೇಳಿದ: "ಎತ್ತರದಿಂದ ಬೀಳೋ ನೀರು ಸಣ್ಣ ಕೊಳವಿಯಾಗೂ ಜೋರು ಬರ್ತದ. ಎತ್ತರ ಅರ್ಧ ಆದ್ರ, ಅಷ್ಟೇ ಕೆಲಸಕ್ಕ ದಪ್ಪ ಕೊಳವಿ ಬೇಕು. ಹನ್ನೆರಡು ವೋಲ್ಟಿಗೆ ಸುತ್ತು ಅರ್ಧ, ತಾಮ್ರದ ಪಟ್ಟಿ ಎರಡರಷ್ಟು ಅಗಲ."

ಅಗಲ ಪಟ್ಟಿ ಸುಲಭವಾಗಿ ಬಾಗುವುದಿಲ್ಲ. ಅಸ್ಮತ್ ತಾಮ್ರವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿಕೊಂಡಳು. ಹೊಗೆಗೆ ಅತ್ತೆ ಕೆಮ್ಮಿದಳು, ಇವಳ ಕಣ್ಣು ಉರಿದವು. ಸುತ್ತುತ್ತಿರುವಾಗಲೇ ಅವಳಿಗೆ ಒಂದು ಮಾತು ಹೊಳೆಯಿತು.

"ಹಂಗಾದ್ರ ಬ್ಯಾಟರಿಯಿಂದ ಸೆಲ್ಫಿಗೆ ಹೋಗಿ ಬರೋ ಕೇಬಲ್ಲೂ ದಪ್ಪ ಬೇಕಲ್ರಿ? ಅದೂ ಕೊಳವಿನೇ ಅಲ್ಲೇನು?"

ನಬೀಸಾಬ್ ಕೈ ಬೀಸಿದ. "ಮಿಲಿಟರಿ ಕೇಬಲ್ ಅದು. ಅಂಥಾ ಮಾಲು ಈಗ ಎಲ್ಲಿ ಸಿಗ್ತದ? ನಡೀತದ ಬಿಡು. ಹುಸೇನಪ್ಪ ಅವಸರ ಮಾಡಾಕತ್ತಾನ."

ಹಳೆಯ ಕೇಬಲ್ಲೇ ಉಳಿಯಿತು. ಜೀಪು ಮೊದಲ ಸಲಕ್ಕೇ ಚಾಲೂ ಆಯಿತು. ಎರಡು ಬ್ಯಾಟರಿಗಳ ನಡುವೆ ಜೋಡಿಸಿದ್ದ ಕೇಬಲ್ ಈಗ ಬೇಡವಾಗಿತ್ತು. ಅದನ್ನು ಗಾಡಿಯ ಟೂಲ್ ಪೆಟ್ಟಿಗೆಯಲ್ಲೇ ಹಾಕಿ ಕೊಟ್ಟೆ ಎಂದು ಅವತ್ತು ಊಟ ಮಾಡುತ್ತ ಗಂಡ ಹೇಳಿದ.

ಎಂಬತ್ತರ ಮಳೆಗಾಲದಲ್ಲಿ ನಬೀಸಾಬ್‌ನ ತಂಗಿ ಜಾಹೆದಾ ಗಂಡನ ಮನೆ ಚೀಕಲಪರ್ವಿಯಲ್ಲಿ ಹೆತ್ತಳು. ತಾಯಿ ಮಗುವನ್ನು ತವರಿಗೆ ಕರೆತರಬೇಕು. ದಾರಿ ಕೆಟ್ಟು ಬಸ್ಸು ಮಾನ್ವಿಯಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಹುಸೇನಪ್ಪನಿಗೆ ಹೊಳೆದಂಡೆಯ ಉಸುಕು ನೋಡುವ ಕೆಲಸವಿತ್ತು. "ನನ್ನ ಜೀಪಿನಾಗ ಬರಲಿ. ಮನಿ ಮಂದಿ ಇದ್ದಂಗ" ಎಂದ. ನಬೀಸಾಬ್ ಅಂಗಡಿಯಲ್ಲೇ ಉಳಿದ. ಮಗಳನ್ನು ತಾನೇ ಕರೆತರುತ್ತೇನೆಂದು ಹಟ ಹಿಡಿದ ದಾವಲ್ ಬೀಯನ್ನು ಎತ್ತಿ ಕೂರಿಸಿದರು, ಅವಳ ಪಕ್ಕದಲ್ಲಿ ಅಸ್ಮತ್. ಹೆಂಗಸರಿಗೆ ಮರೆಯಿರಲೆಂದು ಹಿಂದಿನ ಕ್ಯಾನ್ವಾಸು ಇಳಿಬಿಟ್ಟು ಹುಸೇನಪ್ಪನ ಆಳು ಮಾರೆಪ್ಪ ಹೊರಗಿನಿಂದ ಹಗ್ಗ ಕಟ್ಟಿದ. ಮೊದಲ ಸಲ ತಾನು ಸುತ್ತಿದ ಮೋಟರ್ ಇರುವ ಗಾಡಿಯಲ್ಲಿ ಕೂತಿದ್ದಳು ಅಸ್ಮತ್. ಆಗಲೂ ಹೊರಗಿನದೇನೂ ಕಾಣುತ್ತಿರಲಿಲ್ಲ.

ಹೋಗುವಾಗ ತೊಂದರೆಯಾಗಲಿಲ್ಲ. ಜಾಹೆದಾ ಮತ್ತು ಹಸುಗೂಸನ್ನು ಕೂರಿಸಿಕೊಂಡು ಮಧ್ಯಾಹ್ನ ಹೊರಟರು. ಮೇಲೆಲ್ಲೋ ಮಳೆಯಾಗಿ, ಹೋಗುವಾಗ ಪಾದ ತೋಯುವಷ್ಟಿದ್ದ ಹಳ್ಳ ಈಗ ಕೆಂಪಗೆ ಹರಿಯುತ್ತಿತ್ತು. ದಾಟಬಹುದು ಎಂದು ಹುಸೇನಪ್ಪ ಜೀಪನ್ನು ನೀರಿಗಿಳಿಸಿದ. ನಡುವೆ ಮುಂದಿನ ಚಕ್ರ ಗುಂಡಿಗೆ ಬಿದ್ದು, ಎಂಜಿನ್ ಒಂದೆರಡು ಸಲ ಕೆಮ್ಮಿ ನಿಂತುಹೋಯಿತು.

ಹುಸೇನಪ್ಪ ಸೆಲ್ಫ್ ಹೊಡೆದ. ಮೋಟರ್ ನರಳಿತು, ತಿರುಗಲಿಲ್ಲ. ಮತ್ತೆ ಹೊಡೆದ. ನೀರು ಜೀಪಿನ ನೆಲಕ್ಕೆ ಬಂದು ಹೆಂಗಸರ ಪಾದ ಮುಟ್ಟಿತು. ಮಾರೆಪ್ಪ ಇಳಿದು ನೂಕಿ ನೋಡಿದ, ತೊಡೆಮಟ್ಟದ ನೀರಲ್ಲಿ, ಕೆಸರಲ್ಲಿ ಅವನೊಬ್ಬನ ಬಲಕ್ಕೆ ಅದು ಅಲುಗಲಿಲ್ಲ. ಕ್ಯಾನ್ವಾಸಿನೊಳಗೆ ಕತ್ತಲೆ, ಕೂಸಿನ ಅಳು. ಅಲ್ಲಿಗೆ ಮುಂದಿನಿಂದ ಒಂದು ವಾಸನೆ ಬಂತು. ಕಾದ ರಬ್ಬರಿನದು.

ಅಸ್ಮತ್‌ಗೆ ತಕ್ಷಣ ತಿಳಿಯಿತು. ಕಾಯಿಲ್ ಸುಟ್ಟರೆ ವಾರ್ನಿಷ್ ನಾರುತ್ತದೆ. ಇದು ಕೇಬಲ್. ತೋಯ್ದ ಎಂಜಿನ್ ಎಳೆಯಲು ಮೋಟರ್ ಕೇಳುತ್ತಿರುವಷ್ಟನ್ನು ಆ ಸಣ್ಣ ಕೇಬಲ್ಲು ಕೊಡಲಾರದೆ ಕಾಯುತ್ತಿದೆ. ಇನ್ನೆರಡು ಸಲ ಹೊಡೆದರೆ ಬ್ಯಾಟರಿಯೂ ಮಲಗುತ್ತದೆ. ಹೇಳಬೇಕು ಅಂದರೆ ಗಂಡನ ಕೆಲಸದ ಕೊರತೆ ಹೇಳಬೇಕು. ನನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು.

ಅವಳು ಬಾಯಿ ತೆರೆಯುವ ಮೊದಲೇ ದಾವಲ್ ಬೀ ಅವಳ ಮುಂಗೈ ಹಿಡಿದಳು. ವರ್ಷಗಟ್ಟಲೆ ಹೊಗೆ ಕುಡಿದು ಕೂತಿದ್ದ ಮುದುಕಿಗೆ ಸೊಸೆಯ ಮುಖದಲ್ಲಿ ಏನು ಬಂತೆಂಬುದು ಗೊತ್ತಿತ್ತು. "ನಕ್ಕೋ" ಎಂದಳು. ಬೇಡ.

ಹುಸೇನಪ್ಪ ಮತ್ತೊಮ್ಮೆ ಹೊಡೆದ. ನೀರು ಮೀನಖಂಡಕ್ಕೆ ಬಂದಿತ್ತು. ಜಾಹೆದಾ ಕೂಸನ್ನು ಹೆಗಲಿಗೆತ್ತಿ, "ಭಾಬಿ, ಯಾಕ ಸುಮ್ಮ ಕುಂತಿ? ನಿನಗೇನರೆ ಗೊತ್ತದ ಅಲ್ಲ?" ಎಂದು ದಖನಿಯಲ್ಲೇ ಅತ್ತಳು.

"ಹೊಡೀಬ್ಯಾಡ್ರಿ!" ಎಂದು ಅಸ್ಮತ್ ಕೂಗಿದಳು. "ಸೆಲ್ಫ್ ಹೊಡೀಬ್ಯಾಡ್ರಿ ಅಣ್ಣಾರ, ಕೇಬಲ್ ಸುಡಾಕತ್ತದ! ಹಗ್ಗ ಬಿಚ್ಚಸ್ರಿ!"

ಮುಂದೆ ಕೂತಿದ್ದ ಹುಸೇನಪ್ಪ ತಿರುಗಿದ. ಇಷ್ಟು ದಿನದಲ್ಲಿ ಅವಳ ದನಿಯನ್ನೇ ಕೇಳಿರಲಿಲ್ಲ ಅವನು. "ಏನಂದ್ರಿ ಬೂಬಮ್ಮ?"

"ಟೂಲ್ ಪೆಟಗ್ಯಾಗ ಒಂದು ಕೇಬಲ್ ಅದ. ಮೊದಲು ಎರಡೂ ಬ್ಯಾಟರಿ ನಡುವ ಇದ್ದದ್ದು. ಅದನ್ನ ಬ್ಯಾಟರಿಯ ಅರ್ಥ್ ಕಡೆಯಿಂದ ಎಂಜಿನ್ ಮೈಗೆ ನೇರ ಕಟ್ಟಬೇಕು. ಕರೆಂಟು ಹಿಂದಕ್ಕ ಬರೋ ದಾರಿ ಎರಡಾದ್ರ ಸಲೀಸು ಹರೀತದ."

ಮಾರೆಪ್ಪ ಹಗ್ಗ ಬಿಚ್ಚಿ, ಪೆಟ್ಟಿಗೆ ತೆಗೆದ. ಕೇಬಲ್ ಇತ್ತು. ಬಾನೆಟ್ ಎತ್ತಿದ. "ಎಲ್ಲಿ ಕಟ್ಟಲಿ? ಇಲ್ಲೆಲ್ಲಾ ಬರೇ ಬೋಲ್ಟೇ ಅವ" ಎಂದು ಕೂಗಿದ. ಅಸ್ಮತ್ ಕೂತಲ್ಲಿಂದಲೇ ಹೇಳಿದಳು. ಅವನಿಗೆ ತಿಳಿಯಲಿಲ್ಲ. ಅವಳು ಅತ್ತೆಯ ಕಡೆ ನೋಡಿದಳು. ಮುಂಗೈ ಇನ್ನೂ ಅತ್ತೆಯ ಹಿಡಿತದಲ್ಲೇ ಇತ್ತು.

"ಅಮ್ಮಾ, ನಿಮಗ ನಡಿಯಾಕ ಬರಂಗಿಲ್ಲ. ನೀರು ಏರಿದ್ರ ನಿಮ್ಮನ್ನ ಯಾರು ಹೊರ್ತಾರ?" ಎಂದಳು ದಖನಿಯಲ್ಲೇ.

ದಾವಲ್ ಬೀ ಕಣ್ಣು ಮುಚ್ಚಿಕೊಂಡಳು. ಬೆರಳು ಸಡಿಲವಾದವು.

ಬುರ್ಖಾ ನೀರಲ್ಲಿ ತೇಲಿ ಕಾಲಿಗೆ ಸುತ್ತಿಕೊಂಡಿತು. ಅಸ್ಮತ್ ಜೀಪಿನ ಪಕ್ಕ ಹಿಡಿದು ಹಿಡಿದು ಮುಂದಕ್ಕೆ ಬಂದಳು. ಅದುವರೆಗೆ ಗೋಣಿಚೀಲದಲ್ಲಿ ಬಿಡಿಬಿಡಿಯಾಗಿ ನೋಡಿದ್ದ ಮೋಟರ್ ಎಂಜಿನ್ನಿಗೆ ಕೂತದ್ದನ್ನು ಮೊದಲ ಸಲ ನೋಡಿದಳು. ಮಾರೆಪ್ಪ ಕೊಟ್ಟ ಪಾನಾದಿಂದ ಅದರ ಬೋಲ್ಟು ಸಡಿಲಿಸಿ, ಬುರ್ಖಾದ ತುದಿಯಿಂದ ಜಂಗು ಉಜ್ಜಿ ಹೊಳೆಯುವಂತೆ ಮಾಡಿ, ಕೇಬಲ್ಲಿನ ಒಂದು ತುದಿ ಅಲ್ಲಿಗೆ ಬಿಗಿದಳು. ಇನ್ನೊಂದು ತುದಿಯನ್ನು ಮಾರೆಪ್ಪ ಬ್ಯಾಟರಿಗೆ ಕಟ್ಟಿದ. ಕಾದ ಕೇಬಲ್ ಆರುವ ತನಕ ತಡೆಯಿರಿ ಎಂದಳು. ಆ ತಡೆಯುವುದೇ ಎಲ್ಲರಿಗೂ ಕಷ್ಟವಾಯಿತು. ಹುಸೇನಪ್ಪ ಅಲ್ಲಿಯವರೆಗೆ ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ಪಂಚೆಯ ಒಣ ತುದಿಯಿಂದ ಒರೆಸಿದ.

"ಈಗ ಹೊಡೀರಿ."

ಮೋಟರ್ ಗರ್ರನೆ ತಿರುಗಿತು. ಎಂಜಿನ್ ಹಿಡಿಯಿತು. ಮಾರೆಪ್ಪ ನೂಕಿದ, ಅಸ್ಮತ್ ಕೂಡ ನೂಕಿದಳು. ಜೀಪು ಕೆಸರು ಉಗುಳುತ್ತ ದಂಡೆ ಹತ್ತಿತು. ಹಿಂದಿರುಗಿ ನೋಡಿದಾಗ ಹಳ್ಳದ ನೀರು ಆ ದಂಡೆಯ ಜಾಲಿಗಿಡಗಳ ಕೊಂಬೆ ಮುಟ್ಟುತ್ತಿತ್ತು.

ಮಾನ್ವಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಹುಸೇನಪ್ಪ ಲೋಟ ತಂದು ಕೊಟ್ಟ. "ಇದೆಲ್ಲಾ ನಿಮಗ ಹ್ಯಾಂಗ ಗೊತ್ತು ಬೂಬಮ್ಮ?"

"ಮನ್ಯಾಗ ಅವರು ಮಾತಾಡ್ತಿರ್ತಾರ, ಕೇಳಿದ್ದೆ" ಎಂದಳು. ಲೋಟ ಹಿಡಿದ ಅವಳ ಬೆರಳ ತುದಿಗಳಲ್ಲಿ ಎಷ್ಟು ತೊಳೆದರೂ ಹೋಗದ ವಾರ್ನಿಷ್ ಕಲೆಯಿತ್ತು. ಹುಸೇನಪ್ಪ ಅದನ್ನು ನೋಡಿದ.

ಅವನು ಒಳ್ಳೆಯ ಮನಸ್ಸಿನಿಂದಲೇ ಹೊಗಳಿದ. ಗಂಜ್ ರಸ್ತೆಯ ಚಹಾದಂಗಡಿಯಲ್ಲಿ, ಹತ್ತಿ ಜಿನ್ನಿಂಗ್ ಗಿರಣಿಯ ಮುಂದೆ, ದೇವದುರ್ಗದ ಸಂತೆಯಲ್ಲಿ ಹೊಗಳಿದ. ನಬೀಸಾಬ್‌ನ ಅಂಗಡಿಯ ಮುಂದೆ ಯಾರೋ, "ಇನ್ನ ಬೋರ್ಡಿನ ಮ್ಯಾಲ ಭಾಬಿ ಹೆಸರು ಬರಸಪಾ" ಎಂದು ನಕ್ಕರು.

ಅಂದು ಸಂಜೆ ನಬೀಸಾಬ್ ಮನೆಗೆ ಬಂದು ಸುತ್ತುವ ಮರದ ಅಚ್ಚು, ಪಟ್ಟಿಯ ಉಂಡೆ, ವಾರ್ನಿಷ್ ಡಬ್ಬಿ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿದ.

"ಇನ್ಮ್ಯಾಲ ಬ್ಯಾಡ."

"ನಾ ಏನು ತಪ್ಪು ಮಾಡೀನ್ರಿ?"

"ತಪ್ಪು ಮಾಡಿದ್ರ ಬೈದು ಸುಮ್ಮನಾಗ್ತಿದ್ದೆ" ಎಂದು ಅವನು ಹೊರಗೆ ಹೋದ.

ಅದಕ್ಕಿಂತ ಮೊದಲು ಕೋಣೆ ಸಣ್ಣದೆಂದು ಅಸ್ಮತ್‌ಗೆ ಅಷ್ಟಾಗಿ ಅನ್ನಿಸಿರಲಿಲ್ಲ. ಕೈಯಲ್ಲಿ ಕೆಲಸವಿತ್ತು. ಈಗ ರೊಟ್ಟಿ ಬಡಿದು ಮುಗಿದರೆ ಗೋಡೆ ಎದುರು ಬಂದು ನಿಲ್ಲುತ್ತಿತ್ತು. ಓಣಿಯಲ್ಲಿ ಯಾವುದಾದರೂ ಗಾಡಿಯ ಸೆಲ್ಫ್ ನರಳಿದರೆ ಎದ್ದು ಗವಾಕ್ಷಿಯ ಕೆಳಗೆ ನಿಲ್ಲುತ್ತಿದ್ದಳು. ಸದ್ದು ಹೋದ ಮೇಲೂ ನಿಂತೇ ಇರುತ್ತಿದ್ದಳು. ಬೆರಳಿನ ಕಲೆ ಮೆಲ್ಲಗೆ ಮಾಸಿ ಹೋಯಿತು. ಅದು ಹೋದ ದಿನ ಅವಳು ಅತ್ತದ್ದನ್ನು ದಾವಲ್ ಬೀ ಮಂಚದ ಮೇಲಿಂದ ನೋಡಿದಳು.

ನಬೀಸಾಬ್ ಕಾಯಿಲ್‌ಗಳನ್ನು ಹೈದರಾಬಾದಿಗೆ ಕಳಿಸತೊಡಗಿದ. ಅವು ಹೋಗಿ ಬರುವಷ್ಟರಲ್ಲಿ ಗಿರಾಕಿ ಬೇರೆ ಅಂಗಡಿ ಹಿಡಿಯುತ್ತಿದ್ದ. ಎರಡು ಮಳೆಗಾಲ ಹೀಗೇ ಕಳೆದವು. ಮನೆಯಲ್ಲಿ ಮಾತು ಕಡಿಮೆಯಾಯಿತು. ಗಂಡ ಹೆಂಡತಿಯ ನಡುವಿನ ಕನ್ನಡವೂ ನಿಂತಿತು.

ಒಂದು ಮಧ್ಯಾಹ್ನ ಊಟಕ್ಕೆ ಬಂದ ಮಗನನ್ನು ದಾವಲ್ ಬೀ ಮಂಚದ ಹತ್ತಿರ ಕರೆದಳು. ಅವನ ಬಲಗೈ ತೆಗೆದುಕೊಂಡು ಮೊಂಡು ಬೆರಳುಗಳ ಮೇಲೆ ತನ್ನ ಬೆರಳಾಡಿಸಿದಳು. "ಇವನ್ನ ಬೆಲ್ಟ್ ತಗೊಂಡು ಹೋಯ್ತು. ಉಳಿದದ್ದನ್ನ ನೀನೇ ಕೊಯ್ಕೊಂಡಿ ಬೇಟಾ" ಎಂದಳು ದಖನಿಯಲ್ಲಿ. "ಆ ಹಳ್ಳದಾಗ ಆಕೀನ ಹಿಡಕೊಂಡು ಕುಂತಿದ್ದಾಕಿ ನಾನು. ಬಿಟ್ಟಿದ್ದಕ್ಕಽ ಇವತ್ತು ನಿನ್ನ ಮುಂದ ಅದೀನಿ."

ಮರುದಿನ ನಬೀಸಾಬ್ ಸುಟ್ಟ ಕಾಯಿಲ್ ಒಂದನ್ನು ತಂದು ಒಲೆಯ ಹತ್ತಿರ ಇಟ್ಟ. ಅಸ್ಮತ್ ಮುಟ್ಟಲಿಲ್ಲ.

"ಇಲ್ಲಿ ಕುಂತು ಸುತ್ತಂಗಿಲ್ಲ. ಅಂಗಡ್ಯಾಗ ಕುಂದುರ್ತೀನಿ."

"ಜನ ಏನಂದಾರು?"

"ಅನ್ನೋದೆಲ್ಲಾ ಅಂದಾಗ್ಯದಲ್ರಿ."

ಅವನು ಆಗ ಒಪ್ಪಲಿಲ್ಲ. ಕಾಯಿಲ್ ಒಲೆಯ ಪಕ್ಕ ಬೂದಿ ಹಿಡಿಯುತ್ತ ಬಿದ್ದಿತ್ತು. ಕೊನೆಗೆ ಅಂಗಡಿಯ ಹಿಂಭಾಗದಲ್ಲಿ ಎರಡು ಬಿದಿರು ನೆಟ್ಟು ಗೋಣಿ ಕಟ್ಟಿ ಒಂದು ಮರೆ ಮಾಡಿಸಿದ. ಅದು ಮನೆಯ ಕೋಣೆಗಿಂತ ಸಣ್ಣದು. ತಗಡಿನ ಬಿಸಿ, ಆ್ಯಸಿಡ್ಡಿನ ಘಾಟು. ಬೆಳಿಗ್ಗೆ ಗಂಡನ ಹಿಂದೆ ಬರಬೇಕು, ಸಂಜೆ ಅವನ ಹಿಂದೆಯೇ ಹೋಗಬೇಕು. ಆದರೆ ಗೋಣಿಯ ಎಳೆಗಳ ಸಂದಿಯಲ್ಲಿ ರಸ್ತೆ ಕಾಣುತ್ತಿತ್ತು, ನಿಂತ ಗಾಡಿಗಳು ಕಾಣುತ್ತಿದ್ದವು.

ಮೊದಲ ವಾರದಲ್ಲೇ ಒಬ್ಬ ಲಾರಿ ಡ್ರೈವರ್ ಬಂದ. ಸೆಲ್ಫ್ ಬಿಟ್ಟು ಬಿಟ್ಟು ಹಿಡಿಯುತ್ತದೆ ಎಂದು ನಬೀಸಾಬ್‌ಗೆ ಹೇಳಿದ. ನಬೀಸಾಬ್ ಮುಂದಿದ್ದ ಬ್ಯಾಟರಿ ಒರೆಸುತ್ತಲೇ ಇದ್ದ. ಡ್ರೈವರ್ ಗೋಣಿಯ ಕಡೆ ನೋಡಿ, ತುಸು ದನಿ ಎತ್ತರಿಸಿ, "ನೀವೇನಂತೀರವ್ವಾ?" ಎಂದ.

ಮರೆಯ ಹಿಂದೆ ಅಸ್ಮತ್‌ಳ ಕೈ ನಿಂತಿತು. ಅವಳು ಗಂಡನ ಬೆನ್ನನ್ನು ನೋಡಿದಳು. ಅವನು ತಿರುಗಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಚಹಾ ಹೇಳಿ ಬರುತ್ತೇನೆಂದು ಮೆಟ್ಟಿಲಿಳಿದು ಹೋದ.

"ಬಿಸಿ ಇದ್ದಾಗ ಬಿಡ್ತದೋ, ತಣ್ಣಗಿದ್ದಾಗೋ?" ಎಂದು ಅಸ್ಮತ್ ಕೇಳಿದಳು.