ಪಟ್ಟಿಯಲ್ಲಿಲ್ಲದ ಮಾವ

ರಜೆಯ ಅರ್ಜಿಗಳೆಲ್ಲ ಇನ್ನು ಕಂಪ್ಯೂಟರಿನಲ್ಲೇ ಎಂದು ತೀರ್ಮಾನವಾದಾಗ ಆ ಸಾಫ್ಟ್‌ವೇರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ನಾನು ಕೂರುತ್ತಿದ್ದದ್ದು ಮಣಿಪಾಲದ ಕಚೇರಿಯಲ್ಲಿ. ಕಾಪು, ಕಾರ್ಕಳದಲ್ಲೆಲ್ಲ ಶಾಖೆಗಳಿದ್ದವು. ಹೌದು ಅಲ್ಲ ಎನ್ನುವವರು ಮಾತ್ರ ಮುಂಬೈಯಲ್ಲಿದ್ದರು.

ಅದುವರೆಗೆ ಕಾಗದದ ಅರ್ಜಿ ಇತ್ತು. ಸಾವಿನ ರಜೆ ಕೇಳಿದರೆ ನಮ್ಮ ಮ್ಯಾನೇಜರು ಅಂಚಿನಲ್ಲಿ ‘ಸೋದರಮಾವ, ಅಳಿಯಕಟ್ಟು’ ಎಂದು ಗೀಚಿ ಸಹಿ ಹಾಕುತ್ತಿದ್ದರು, ಮುಗಿಯಿತು. ನಮ್ಮಂಥ ಅಳಿಯಕಟ್ಟಿನ ಮನೆಗಳಲ್ಲಿ ಕುಟುಂಬ ತಾಯಿಯ ಕಡೆಯಿಂದ ನಡೆಯುತ್ತದೆ; ಮಾವ ತೀರಿಕೊಂಡರೆ ಕ್ರಿಯೆಗೆ ಸೋದರಳಿಯನೂ ನಿಲ್ಲಲೇಬೇಕು. ಇದನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಮುಂಬೈಯಿಂದ ಬಂದ ಪಟ್ಟಿಯಲ್ಲಿದ್ದದ್ದು ತಂದೆ, ತಾಯಿ, ಹೆಂಡತಿ, ಮಕ್ಕಳು, ಅಷ್ಟೇ. ಮಾವನನ್ನೂ ಸೇರಿಸಿ ಎಂದು ಬರೆದೆ, ಬೇಡಿಕೊಂಡೆ. ಮೀಟಿಂಗಿನಲ್ಲಿ ಟೈ ಕಟ್ಟಿದವನೊಬ್ಬ, ಹಾಗೆ ಬಿಟ್ಟರೆ ನಿಮ್ಮೂರಿನಲ್ಲಿ ದಿನಕ್ಕೊಬ್ಬ ಮಾವ ಸಾಯುತ್ತಾನೆ ಎಂದ. ಎಲ್ಲರೂ ನಕ್ಕರು. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮರುವರ್ಷ ಕಾರ್ಕಳದಲ್ಲಿ ನನ್ನ ಮಾವನೇ ತೀರಿಕೊಂಡರು. ಶಾಲೆಯ ದಿನಗಳಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡು ಸಾಕಿದವರು. ನನ್ನ ಬೇರೆ ರಜೆಗಳೆಲ್ಲ ಅವರ ಆಸ್ಪತ್ರೆಯ ಓಡಾಟದಲ್ಲೇ ಖರ್ಚಾಗಿದ್ದವು. ಬೊಜ್ಜದವರೆಗೆ, ಅಂದರೆ ಉತ್ತರಕ್ರಿಯೆ ಮುಗಿಯುವವರೆಗೆ, ನಾನು ಅಲ್ಲಿರಲೇಬೇಕಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ನಾನೇ ಬರೆದ ಸಾಫ್ಟ್‌ವೇರ್.

“ನಾನು ಎಂತ ಮಾಡುವುದು ಮಾರಾಯ, ಗೀಚಲಿಕ್ಕೆ ಅಂಚೇ ಇಲ್ಲ ಇದರಲ್ಲಿ,” ಎಂದರು ಮ್ಯಾನೇಜರು. ಆಮೇಲೆ ಅವರೇ, “ತಂದೆ ಅಂತ ಹಾಕು. ಸಾಕಿದವರು ತಂದೆಯೇ ಅಲ್ವಾ? ನಾನು ಪಾಸ್ ಮಾಡ್ತೇನೆ,” ಎಂದರು.

ಹಾಕಿದೆ. ಬೇರೆ ದಾರಿ ಇದ್ದರೆ ಯಾರಾದರೂ ಹೇಳಲಿ.

ಮುಂಬೈಯವರು ಕೇಳಿ ಮಾಡಿಸಿಕೊಂಡಿದ್ದ ಇನ್ನೊಂದು ಸೌಕರ್ಯ ಆ ಸಾಫ್ಟ್‌ವೇರಿನಲ್ಲಿತ್ತು: ರಜೆ ಮಂಜೂರಾದ ಕೂಡಲೇ ಸಂತಾಪದ ಸಂದೇಶ ಎಲ್ಲ ಶಾಖೆಗಳಿಗೂ ತಾನಾಗಿ ಹೋಗುತ್ತಿತ್ತು. ನಾನು ಕಾರ್ಕಳದಲ್ಲಿದ್ದಾಗ ಕಾಪು ಶಾಖೆಯ ನಾಲ್ಕು ಜನ ದುಃಖ ವಿಚಾರಿಸಲು ಅಲ್ಲೇ ಹತ್ತಿರದ ನಮ್ಮ ಮನೆಗೆ ಹೋದರಂತೆ. ಬಾಗಿಲು ತೆಗೆದದ್ದು ಅಪ್ಪ. ಬಂದವರು ತಿರುಗಿ ಮೆಟ್ಟಿಲಿಳಿಯಲು ಹೊರಟರು. ಅಪ್ಪನೇ ಅವರನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ವಿಷಯ ಕೇಳಿ ತಿಳಿದುಕೊಂಡರು.

ನಾನು ಮನೆಗೆ ಬಂದಾಗ ಅವರು ಬೈಯಲಿಲ್ಲ. “ನನ್ನ ಪಾಲಿನ ರಜೆ ಮಾವನಿಗೆ ಕೊಟ್ಟಿಯಾ?” ಎಂದರು. “ಇರಲಿ. ನಿನ್ನ ಮೇಲೆ ಅವರ ಋಣ ಉಂಟು.” ನಕ್ಕರು ಕೂಡ. ಆ ನಗುವಿಗೆ ಎದುರು ನಿಲ್ಲಲಾರದೆ ನಾನು ಬಾವಿಯ ಕಡೆಗೆ ಹೋದೆ.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಅಪ್ಪ ನಿಜವಾಗಿಯೂ ಹೋದರು. ಮ್ಯಾನೇಜರಿಗೆ ಫೋನ್ ಮಾಡಿ, ರಜೆ ನೀವೇ ಹಾಕಿಬಿಡಿ ಸರ್ ಎಂದೆ. ಅರ್ಧ ಗಂಟೆಯಲ್ಲಿ ಅವರೇ ತಿರುಗಿ ಫೋನ್ ಮಾಡಿದರು. ದನಿ ಇಳಿದಿತ್ತು.

“ತಗೊಳ್ಳುವುದಿಲ್ಲ ಮಾರಾಯ. ತಂದೆಯ ರಜೆ ಒಮ್ಮೆ ಆಗಿದೆ ಅಂತ ಬರ್ತಾ ಉಂಟು. ಮುಂಬೈಗೆ ಕೇಳಿದೆ, ಒಬ್ಬನಿಗೆ ಎಷ್ಟು ಜನ ಅಪ್ಪಂದಿರು ಅಂತ ಕೇಳ್ತಾರೆ.” ಆಮೇಲೆ ತಡವರಿಸುತ್ತಾ, “ಬೇಜಾರು ಮಾಡಬೇಡ... ತಾಯಿ ಅಂತ ಹಾಕಲಾ?” ಎಂದರು.

ಅಮ್ಮ ಅಪ್ಪನ ತಲೆಯ ಹತ್ತಿರ ಕೂತಿದ್ದಳು. ಯಾರ ಫೋನು ಎಂದು ಕಣ್ಣಿನಲ್ಲೇ ಕೇಳಿದಳು.

ಬೇಡ ಸರ್, ಯಾವ ರಜೆಯೂ ಬೇಡ ಎಂದು ಫೋನ್ ಇಟ್ಟೆ. ಅಪ್ಪನ ಕ್ರಿಯೆಗೆ ನಿಂತ ಆ ದಿನಗಳೆಲ್ಲ ನಾನೇ ಕಟ್ಟಿದ ಆ ಲೆಕ್ಕದಲ್ಲಿ ಇವತ್ತಿಗೂ ಗೈರುಹಾಜರಿ.