ಅಕ್ಕನ ಮುಖ ಹೊತ್ತು ಬಂದವಳು

ಹಾನಗಲ್ಲಿನ ಆ ಹೆಂಗಸು ತೀರಿಕೊಂಡಾಗ ನಾನು ಪಕ್ಕದಲ್ಲೇ ಇದ್ದೆ. ತಾಲ್ಲೂಕು ಆಸ್ಪತ್ರೆಗಳಲ್ಲೇ ಕಿಮೋ ಕೊಡುವ ಏರ್ಪಾಡು ಮಾಡುವ ಹೊಣೆ ನನ್ನ ಮೇಲೆ ಬಿದ್ದಾಗ, ಹಾನಗಲ್ಲಿನ ಕೊಠಡಿಗೆ ಬಂದ ಮೊದಲ ರೋಗಿ ಅವಳು. ಹುಬ್ಬಳ್ಳಿಗೆ ಅಲೆಯುವುದು ತಪ್ಪಿತೆಂದು ಹಿಗ್ಗಿದ್ದಳು. ಆದರೆ ಸ್ತನದ ಕ್ಯಾನ್ಸರ್ ಅಷ್ಟರಲ್ಲಿ ಶ್ವಾಸಕೋಶಕ್ಕೆ ಇಳಿದಿತ್ತು; ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ಅವಳ ಮನೆಯಲ್ಲಿ, ಅರ್ಧ ತೆರೆದೇ ಉಳಿದ ಅವಳ ರೆಪ್ಪೆಗಳನ್ನು ನಾನೇ ಮುಚ್ಚಿದೆ.

ದೀಪಾವಳಿ ಕಳೆದ ಮೇಲೆ ಹಿರೇಕೆರೂರಿನಲ್ಲಿ ಸ್ತನದ ಕ್ಯಾನ್ಸರ್ ತಪಾಸಣೆ ಇಟ್ಟುಕೊಂಡಿದ್ದೆವು. ಕಾರಿಳಿದು ಆಸ್ಪತ್ರೆಯ ಅಂಗಳಕ್ಕೆ ಬಂದರೆ, ಬೆಳಗಿನ ಬಿಸಿಲಿನಲ್ಲಿ ಬೆಂಚಿನ ಮೇಲೆ ಅವಳು ಕುಳಿತಿದ್ದಳು. ಅದೇ ಕೂಡಿದ ಹುಬ್ಬು, ಅದೇ ಗದ್ದ. ಎದ್ದು ನಿಂತು, "ಆರಾಮದೀರಿ ಡಾಕ್ಟರ ಬಾಯಾರ?" ಅಂದಳು. ದನಿಯೂ ಅದೇ. ನನ್ನ ಜೊತೆಗಿದ್ದ ನರ್ಸ್ ಹಾನಗಲ್ಲಿನಲ್ಲಿ ಅವಳ ಆರೈಕೆ ಮಾಡಿದವಳು. ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಂಜಬ್ಯಾಡ್ರಿ," ಅಂದಳು ಆ ಹೆಂಗಸು. "ನಾ ಆಕಿ ತಂಗಿ. ಇಬ್ರೂ ಅವಳಿ-ಜವಳಿ ಹುಟ್ಟೇವ್ರಿ. ನನ್ನ ರಟ್ಟೀಹಳ್ಳಿಗೆ ಕೊಟ್ಟಾರ."

"ನಿಮ್ಮನ್ನ ಅಲ್ಲಿ ಒಮ್ಮೆಯೂ ನೋಡಲಿಲ್ಲವಲ್ಲ?"

"ಬರಬ್ಯಾಡ ಅಂತ ಆಕೀನ ಹೇಳಿದ್ಲು. ನಿನ್ನ ಮಾರಿ ನೋಡಿದ್ರ ನಾ ಮೊದಲು ಹೆಂಗಿದ್ದೆ ಅನ್ನೂದು ನೆನಪಾಕ್ಕೈತಿ ಅಂದ್ಲು." ಅವಳು ದನಿ ತಗ್ಗಿಸಿದಳು. "ಈಗ ನನಗೂ ಎದಿಯಾಗ ಗಂಟು ಕೈಗೆ ಹತ್ತಾಕತ್ತೈತ್ರಿ. ಆಕಿಗೆ ಇದ್ದಲ್ಲೇ."

ಪರದೆಯ ಹಿಂದೆ ಮುಟ್ಟಿ ನೋಡಿದೆ. ಎಡಗಡೆ, ಅದೇ ಜಾಗ. ಒಮ್ಮೆ ನನ್ನನ್ನು ಸೋಲಿಸಿದ ಕಾಯಿಲೆಯೇ ಮತ್ತೆ ಮೊದಲಿನಿಂದ ಶುರುವಾದಂತೆ ಅನಿಸಿತು. ಆದರೆ ಗಂಟು ಚಿಕ್ಕದಿತ್ತು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು; ಕಿಮೋ ಹಿರೇಕೆರೂರಿನಲ್ಲೇ. ಕೂದಲು ಉದುರಿ, ಕೆನ್ನೆ ಒಳಗೆ ಹೋದಂತೆಲ್ಲ ಅವಳು ನನ್ನ ಕಣ್ಣೆದುರೇ ಹಾನಗಲ್ಲಿನವಳಾಗುತ್ತ ಹೋದಳು. ಸಲೈನ್ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಮಲಗಿದರೆ ನನಗೆ ಆ ಕಡೆ ನೋಡಲಾಗುತ್ತಿರಲಿಲ್ಲ. ಬಂದಾಗಲೆಲ್ಲ, "ಕೆಮ್ಮು ಬಂದೈತೇನು?" ಎಂದು ಕೇಳುತ್ತಿದ್ದೆ. ಅವಳಿಗೆ ಕೆಮ್ಮೇ ಇರಲಿಲ್ಲ.

ಒಂದು ದಿನ ಹಾಗೇ ಕೇಳಿದಾಗ ಅವಳು ನನ್ನ ಮುಂಗೈ ಹಿಡಿದುಕೊಂಡಳು.

"ಬಾಯಾರ, ನೀವು ಆಕಿಗೆ ಔಷಧ ಕೊಡಾಕತ್ತೀರಿ. ಆಕಿ ಹೋದ್ಲು. ನನ್ನ ನೋಡ್ರಿ."

ನೋಡಿದೆ. ಅದೆಷ್ಟು ಹೊತ್ತೋ. ಸತ್ತವಳ ಮುಖದೊಳಗಿಂದ ಬೇರೆ ಯಾರೋ, ಸಿಟ್ಟು ಬಂದ ಒಬ್ಬ ಜೀವಂತ ಹೆಂಗಸು, ನನ್ನನ್ನು ನೋಡುತ್ತಿದ್ದಳು. ಅಂದಿನಿಂದ ಕೆಮ್ಮಿನ ಮಾತು ಬಿಟ್ಟೆ. ಊಟ, ನಿದ್ದೆ, ಅವಳ ಹೊಲದ ಗೋವಿನಜೋಳ, ಇವನ್ನೇ ಕೇಳತೊಡಗಿದೆ.

ಈಗ ಅವಳು ಆರಾಮಾಗಿದ್ದಾಳೆ. ಕೂದಲು ಗುಂಗುರಾಗಿ ಬಂದಿದೆ; ಅಕ್ಕನಿಗೆ ಹಾಗಿರಲಿಲ್ಲ ಎಂದು ನಗುತ್ತಾಳೆ. ಸವಣೂರಿರಲಿ, ಶಿಗ್ಗಾವಿ ಇರಲಿ, ಈ ಕಾಯಿಲೆಯಿಂದ ಯಾರು ತೀರಿಕೊಂಡರೂ ಅವರ ಅಕ್ಕತಂಗಿಯರನ್ನು ತಪಾಸಣೆಗೆ ಕರೆಸುತ್ತೇನೆ. ಅವರು ಬರುತ್ತಾರೆ; ಹೋದವರ ಮೂಗು, ಹೋದವರ ನಗು ಹೊತ್ತು ಸಾಲಾಗಿ ಕುಳಿತಿರುತ್ತಾರೆ. ಆ ಸಾಲಿನ ಮುಂದೆ ನಡೆದುಹೋಗುವಾಗ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ.